ವೈರ್ ಇಲ್ಲದೆ ಕಾಕ್‌ಪಿಟ್ ಒಳಗೆ: ಕ್ವೆಸ್ಟ್ 3 ಸೆಟಪ್

ಪಿಸಿಯಲ್ಲಿ ಓಡುವ ವಿಮಾನದ ಆಟವನ್ನು ಮೆಟಾ ಕಂಪನಿಯ ಕ್ವೆಸ್ಟ್ 3 ಎಂಬ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ನಲ್ಲಿ ವೈರ್ ಇಲ್ಲದೆ ಆಡುವ ಬಗೆ ಇದು. ನಾನು ಮೊದಲ ದಿನ ಮಾಡಿದ ತಪ್ಪು ಏನು ಗೊತ್ತಾ? ಪಿಸಿಯೂ ವೈಫೈ, ಹೆಡ್‌ಸೆಟ್ಟೂ ವೈಫೈ. ರನ್‌ವೇ ತಡವರಿಸಿ ತಡವರಿಸಿ ಬಂತು, ಹೊಟ್ಟೆ ತೊಳಸಿತು. ಹಾಗಾಗಿ ಪಿಸಿಯಿಂದ ರೌಟರ್‌ಗೆ ಈಥರ್ನೆಟ್ ಕೇಬಲ್ ಎಳೆಯಿರಿ, ಹೆಡ್‌ಸೆಟ್ ಮಾತ್ರ 5 ಗಿಗಾಹರ್ಟ್ಸ್ ವೈಫೈನಲ್ಲಿರಲಿ, ರೌಟರ್ ನೀವು ಕೂರುವ ಕೋಣೆಯಲ್ಲೇ ಇದ್ದರೆ ಒಳ್ಳೆಯದು, ಯಾಕಂದ್ರೆ ನಡುವೆ ಗೋಡೆ ಬಂದಷ್ಟೂ ಕಾಟ ಜಾಸ್ತಿ.

ಪಿಸಿಯ ಚಿತ್ರವನ್ನು ವೈಫೈನಲ್ಲಿ ಹೆಡ್‌ಸೆಟ್‌ಗೆ ಕಳಿಸಲು ಒಂದು ಆ್ಯಪ್ ಬೇಕು. ಏರ್ ಲಿಂಕ್, ಸ್ಟೀಮ್ ಲಿಂಕ್ ಎರಡೂ ಪುಕ್ಕಟೆ. ನಾನು ಮಾತ್ರ ದುಡ್ಡು ಕೊಟ್ಟು ವರ್ಚುವಲ್ ಡೆಸ್ಕ್‌ಟಾಪ್ ಹಾಕಿಕೊಂಡೆ. ಹೆಡ್‌ಸೆಟ್‌ನಲ್ಲಿ ಆ್ಯಪ್, ಪಿಸಿಯಲ್ಲಿ ಅದರ ಸ್ಟ್ರೀಮರ್. ಸ್ಟ್ರೀಮರ್‌ನಲ್ಲಿ ಓಪನ್‌ಎಕ್ಸ್‌ಆರ್ ರನ್‌ಟೈಮ್ (ಆಟವನ್ನು ಹೆಡ್‌ಸೆಟ್‌ಗೆ ಜೋಡಿಸುವ ಸಾಫ್ಟ್‌ವೇರ್) ಅನ್ನು ವರ್ಚುವಲ್ ಡೆಸ್ಕ್‌ಟಾಪ್‌ನದೇ ಆದ ವಿಡಿಎಕ್ಸ್‌ಆರ್‌ಗೆ ಇಡಿ. ಆಗ ಇದೇ ಕೆಲಸ ಮಾಡುವ ಇನ್ನೊಂದು ಸಾಫ್ಟ್‌ವೇರ್ ಸ್ಟೀಮ್‌ವಿಆರ್ ನಡುವೆ ಬರಲ್ಲ, ಪಿಸಿಗೆ ಹೊರೆ ಕಡಿಮೆ.

ಹೆಡ್‌ಸೆಟ್ ಪರದೆಗೆ 72 ಹರ್ಟ್ಸ್, ಅಂದರೆ ಸೆಕೆಂಡಿಗೆ 72 ಚಿತ್ರ, ಸಾಕು. 90, 120 ಎಲ್ಲ ಸುಮ್ನೆ ಆಸೆ. ಸ್ಪೇಸ್‌ವಾರ್ಪ್ ಆನ್ ಮಾಡಿದರೆ ಪಿಸಿ 36 ಫ್ರೇಮ್ ಕೊಟ್ಟರೂ ಉಳಿದದ್ದನ್ನು ಹೆಡ್‌ಸೆಟ್ ತಾನೇ ಊಹಿಸಿ ತುಂಬುತ್ತದೆ, ಆದರೆ ತಿರುಗುವ ಪ್ರೊಪೆಲ್ಲರ್ ಸುತ್ತ ಚಿತ್ರ ಸ್ವಲ್ಪ ಅಲುಗುತ್ತದೆ, ಅದಕ್ಕೆ ಕಣ್ಣು ಒಗ್ಗಿಕೊಳ್ಳಬೇಕು.

ಇನ್ನು ಆಟ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಕಂಟ್ರೋಲ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ವಿಆರ್ ಶುರು, ಕೂತ ಜಾಗ ಓರೆ ಅನಿಸಿದರೆ ಸ್ಪೇಸ್‌ಬಾರ್. ಹೆಡ್‌ಸೆಟ್ ಹಾಕಿದ ಮೇಲೆ ಕೀಬೋರ್ಡ್ ಕಾಣಲ್ಲ ಅಲ್ವಾ, ಈ ಎರಡನ್ನೂ ಜಾಯ್‌ಸ್ಟಿಕ್ ಗುಂಡಿಗೆ ಕೊಟ್ಟುಬಿಡಿ. ಆಟ ತಡವರಿಸಿದರೆ ಮೊದಲು ಮೋಡದ ಗುಣಮಟ್ಟ ಇಳಿಸಿ, ರೆಸಲ್ಯೂಶನ್ ಮುಟ್ಟಬೇಡಿ, ಅದು ಕಡಿಮೆಯಾದರೆ ಮೀಟರ್ ಓದಲು ಆಗಲ್ಲ. ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು, ದೂರದ ಹಾರಾಟಕ್ಕೆ ಜೇಬಲ್ಲೊಂದು ಪವರ್ ಬ್ಯಾಂಕ್ ಇರಲಿ.