ಇಳಿಜಾರು ಸೈಟಿನಲ್ಲಿ ಕಟ್ಟಡದ ಎತ್ತರ ಎಲ್ಲಿಂದ ಅಳೆಯೋದು? ನನ್ನ ಅನುಭವ

ಎಷ್ಟು ಎತ್ತರ ಕಟ್ಟಬಹುದು ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿಂದ ಅಳೆಯಬೇಕು ಅಂತ ಕೇಳುವವರು ಕಡಿಮೆ. ಇಳಿಜಾರು ಸೈಟಿಗೆ ಪ್ಲ್ಯಾನ್ ಮಾಡುವಾಗ ನಾನು ಮೊದಲು ನೋಡುವುದೇ ಇದನ್ನು. ಝೋನಿಂಗ್ ನಿಯಮ, ಅಂದರೆ ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ಊರಿನ ನಿಯಮ, ನೆಲಮಟ್ಟ ಅಂತ ಯಾವುದನ್ನು ಕರೆಯುತ್ತದೆ?

ಕೆಲವು ಕಡೆ ಅದು ಕೆಲಸ ಮುಗಿದ ಮೇಲೆ ಗೋಡೆಯ ಬುಡದಲ್ಲಿ ಉಳಿಯುವ ನೆಲ. ಕೆಲವು ಕಡೆ ಮಣ್ಣು ಮುಟ್ಟುವ ಮುಂಚೆ ಇದ್ದ ನೆಲ. ಎರಡರಲ್ಲಿ ಯಾವುದು ಕೆಳಗಿದೆಯೋ ಅದು ಅನ್ನುವ ನಿಯಮವೂ ಇದೆ. ರಸ್ತೆಯ ಮಟ್ಟದಿಂದ ಅಳೆಯುವ ಊರುಗಳೂ ಇವೆ. ನನಗೆ 'ಯಾವುದು ಕೆಳಗೋ ಅದು' ಅನ್ನುವುದೇ ಸರಿ ಅನಿಸುತ್ತದೆ. ಇಲ್ಲದಿದ್ದರೆ ಮಣ್ಣು ತುಂಬಿಸಿ ನೆಲ ಏರಿಸಿ, ಅದರ ಮೇಲಿಂದ ಎತ್ತರ ಲೆಕ್ಕ ಹಾಕಬಹುದು. ಪಕ್ಕದವರ ಗಾಳಿ ಬೆಳಕೂ ಮುಖ್ಯ ಅಲ್ವಾ?

ಹಾಗಾಗಿ ಅಗೆತ ಶುರುವಾಗುವ ಮುಂಚೆಯೇ ಲೆವೆಲ್ ಸರ್ವೆ, ಅಂದರೆ ನೆಲದ ಏರಿಳಿತದ ಅಳತೆ, ಮಾಡಿಸುತ್ತೇನೆ. ಎಲ್ಲ ಮಟ್ಟಗಳನ್ನೂ ಹೋಲಿಸಿ ಅಳೆಯಲು ಕದಲದ ಒಂದು ಗುರುತು, ಅಂದರೆ ಬೆಂಚ್‌ಮಾರ್ಕ್, ಇಟ್ಟುಕೊಳ್ಳುತ್ತೇವೆ. ಹಳೆಯ ನೆಲ ಒಮ್ಮೆ ಹೋದರೆ ಅದನ್ನು ಸಾಬೀತು ಮಾಡುವುದು ಬಲು ಕಷ್ಟ.

ಇಳಿಜಾರಿನಲ್ಲಿ ಒಂದೊಂದು ಗೋಡೆಯ ಬಳಿ ನೆಲ ಒಂದೊಂದು ಮಟ್ಟದಲ್ಲಿರುವುದರಿಂದ ಸರಾಸರಿ ನೆಲಮಟ್ಟ ತೆಗೆಯಬೇಕಾಗಬಹುದು. ಆಗ ಜಾಸ್ತಿ ಎಚ್ಚರ ಬೇಕು. ಉದಾಹರಣೆಗೆ 20 ಮೀಟರ್ ಉದ್ದ, 10 ಮೀಟರ್ ಅಗಲದ ಕಟ್ಟಡ ತೆಗೆದುಕೊಳ್ಳಿ. ಸರ್ವೆಯ ಲೆಕ್ಕದಲ್ಲಿ ಕೆಳಗಿನ ಉದ್ದ ಗೋಡೆಯ ಬಳಿ ನೆಲದ ಮಟ್ಟ 100 ಮೀಟರ್, ಮೇಲಿನ ಉದ್ದ ಗೋಡೆಯ ಬಳಿ 103. ನಾಲ್ಕು ಮೂಲೆಗಳ ಸರಾಸರಿ 101.5. ಈಗ ಮೇಲಿನ ಗೋಡೆಯಿಂದ 2 ಮೀಟರ್ ಅಗಲದ ಒಂದು ಭಾಗ 1 ಮೀಟರ್ ಹೊರಗೆ ಚಾಚಿದೆ ಅಂದುಕೊಳ್ಳಿ. ಅಲ್ಲೂ ನೆಲ 103 ಅಂತಲೇ ಇರಲಿ. ಮೂಲೆಗಳು ಎಂಟಾದವು, ಸರಾಸರಿ 102.25ಕ್ಕೆ ಏರಿತು. ಇಷ್ಟು ಸಣ್ಣ ಚಾಚಿಗೆ 75 ಸೆಂಟಿಮೀಟರ್ ಎತ್ತರ ಸುಮ್ನೆ ಸಿಕ್ಕಿಬಿಟ್ಟಿತು! ಮೂಲೆ ಎಣಿಸುವ ಬದಲು ನಾನು ಪ್ರತಿ ಗೋಡೆಯ ಬುಡದ ಸರಾಸರಿ ಮಟ್ಟವನ್ನು ಅದರ ಉದ್ದದಿಂದ ಗುಣಿಸಿ, ಎಲ್ಲ ಕೂಡಿಸಿ, ಸುತ್ತಳತೆಯಿಂದ ಭಾಗಿಸುತ್ತೇನೆ. ಆಗ ಬರುವುದು ಸುಮಾರು 101.55. ನೆಲದ ನಿಜವಾದ ಚಿತ್ರ ಇದು. ನಿಯಮದಲ್ಲಿ ವಿಧಾನ ಹೇಳಿಲ್ಲದಿದ್ದರೆ ಇದನ್ನೇ ಮುಂದಿಡುತ್ತೇನೆ.

ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಮಾದರಿ ಕಟ್ಟಡ ನಿಯಮಾವಳಿ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್. ಅದನ್ನು ಬಳಸುವ ಕಡೆ ಇನ್ನೊಂದು ವಿಷಯ ನೆನಪಿರಲಿ. ಅದರಲ್ಲಿ ಸರಾಸರಿಗೆ ಹಿಡಿಯುವುದು ಗೋಡೆಗಳ ಬಳಿಯ ಮುಗಿದ ನೆಲವನ್ನು. ನೆಲ ಗೋಡೆಯಿಂದ ಹೊರಕ್ಕೆ ಇಳಿಯುತ್ತಿದ್ದರೆ, ಸೈಟಿನ ಗಡಿ ಅಥವಾ 6 ಅಡಿ, ಯಾವುದು ಹತ್ತಿರವೋ ಅಲ್ಲಿಯವರೆಗಿನ ಅತಿ ಕೆಳಗಿನ ಮಟ್ಟ ಲೆಕ್ಕಕ್ಕೆ ಬರುತ್ತದೆ. ಊರಿನ ಝೋನಿಂಗ್ ನಿಯಮ ಬೇರೆಯೇ ಹೇಳಬಹುದು. ಆಗ ಎರಡೂ ಲೆಕ್ಕ ಮಾಡಲೇಬೇಕು.

ಚಾವಣಿಯ ಕಡೆಯೂ ಅಷ್ಟೇ. ಕೆಲವು ನಿಯಮ ತುತ್ತತುದಿಯವರೆಗೆ ಅಳೆಯುತ್ತವೆ, ಕೆಲವು ಇಳಿಜಾರು ಚಾವಣಿಯ ನಡುಮಟ್ಟದವರೆಗೆ.

ಕಟ್ಟಡದ ಹೊರಮುಖ ತೋರಿಸುವ ಎಲಿವೇಷನ್ ಡ್ರಾಯಿಂಗಿನಲ್ಲಿ ಹಳೆಯ ನೆಲವನ್ನು ಚುಕ್ಕಿ ಗೆರೆಯಲ್ಲೂ ಹೊಸದನ್ನು ಗಟ್ಟಿ ಗೆರೆಯಲ್ಲೂ ಬರೆಯುತ್ತೇನೆ. ಪಕ್ಕದಲ್ಲೇ ಲೆಕ್ಕದ ಪಟ್ಟಿ ಇರುತ್ತದೆ. ಅದನ್ನು ಮಂಜೂರಾತಿ ಕೊಡುವ ಅಧಿಕಾರಿಗೆ ಮೊದಲೇ ತೋರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಕೇಳುತ್ತೇನೆ. ಮಹಡಿಗಳ ಮಟ್ಟ ಗೊತ್ತುಮಾಡುವುದು ಅದು ಕೈಗೆ ಬಂದ ಮೇಲೆಯೇ.