ಕ್ಯಾಲಿಫೋರ್ನಿಯಾದ ಶಾಲೆಗೆ ಸೇರಿಸುವಾಗ ಮನೆಭಾಷೆ ಕನ್ನಡ ಅಂತಲೇ ಬರೆಯಿರಿ

ಊರಿಂದ ಬಂದು ಇನ್ನೂ ಸೂಟ್‌ಕೇಸ್ ಪೂರ್ತಿ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ ಶಾಲೆಯವರು ಹೋಮ್ ಲ್ಯಾಂಗ್ವೇಜ್ ಸರ್ವೆ ಅನ್ನುವ ಫಾರಂ ಕೈಗೆ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಜಾಸ್ತಿ ಯಾವುದರಲ್ಲಿ ಮಾತಾಡುತ್ತದೆ, ನೀವು ಮಗುವಿನ ಜೊತೆ ಯಾವುದರಲ್ಲಿ, ದೊಡ್ಡವರು ತಮ್ಮತಮ್ಮಲ್ಲಿ ಯಾವುದರಲ್ಲಿ ಅಂತ ನಾಲ್ಕು ಪ್ರಶ್ನೆ. ಮಗುವನ್ನು ಹಿಂದಿನ ಬೆಂಚಿಗೆ ತಳ್ಳಿಬಿಡುತ್ತಾರೇನೋ ಅಂತ ಹೆದರಿ ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆಯಬೇಡಿ. ಕನ್ನಡ ಅಂತ ಬರೆದರೆ 30 ದಿನದೊಳಗೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಎಲ್‌ಪ್ಯಾಕ್ ಪರೀಕ್ಷೆ ಮಾಡುತ್ತಾರೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ಇಷ್ಟೇ. ಇದರಲ್ಲಿ ಪಾಸು ಫೇಲು ಇಲ್ಲ. ಮಗುವಿಗೆ ಸಹಾಯ ಬೇಕು ಅಂತ ಗೊತ್ತಾದರೆ ಹೆಸರನ್ನು ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿಸುತ್ತಾರೆ, ಆ ಸಹಾಯವನ್ನು ಶಾಲೆ ಕೊಡಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ 1974ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಸಿಕ್ಕಿದ ಹಕ್ಕು ಇದು, ಯಾರದೋ ದಯೆಯಲ್ಲ.

ಎರಡು ಭಾಷೆಯಲ್ಲಿ ಪಾಠ ಮಾಡುವ ಶಾಲೆಗಳೂ ಇಲ್ಲಿವೆ. 1998ರಲ್ಲಿ ಮತದಾರರೇ ಅವುಗಳಿಗೆ ಕಡಿವಾಣ ಹಾಕಿದ್ದರು, 2016ರಲ್ಲಿ ಮತ್ತೆ ಮತದಾರರೇ ಅದನ್ನು ಬಿಚ್ಚಿದರು. ಆದರೆ ಅವು ಹೆಚ್ಚಾಗಿ ಸ್ಪ್ಯಾನಿಷ್‌ನವು. ನಮ್ಮ ಮಕ್ಕಳ ಕನ್ನಡದ ಪಾಲನ್ನು ಮನೆಯಲ್ಲಿ ನಾವೇ ನೋಡಿಕೊಳ್ಳಬೇಕು.

ಹೇಗೆ ಅಂದರೆ, ನಾಳೆ ಯಾವ ಪಾಠ ಅಂತ ಟೀಚರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ನಮ್ಮ ಮಗಳು ಕನ್ನಡ ಮಾಧ್ಯಮದ 4ನೇ ಕ್ಲಾಸು ಮುಗಿಸಿ ಬಂದವಳು. ಒಂದು ರಾತ್ರಿ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಅವಳ ಕಣ್ಣೆದುರು ಹಿಡಿದೆ. ಒಳಗಡೆ ಸಾಲು ಹನಿ. 'ಇದು ಎಲ್ಲಿಂದ ಬಂತು ಹೇಳು ಪುಟ್ಟಿ?' 'ಆವಿ ಮೇಲೆ ಹೋಯ್ತಲ್ವಾ ಅಮ್ಮಾ, ಮುಚ್ಚಳ ತಣ್ಣಗಿತ್ತು, ಮತ್ತೆ ನೀರಾಯ್ತು.' ಮಾರನೇ ದಿನ ಕ್ಲಾಸಿನಲ್ಲಿ ಅವಳು ಹೊಸದಾಗಿ ಕಲಿಯಬೇಕಾಗಿದ್ದು ಕಂಡೆನ್ಸೇಷನ್ ಅನ್ನುವ ಒಂದು ಪದ ಮಾತ್ರ, ವಿಷಯ ಆಗಲೇ ತಲೆಯಲ್ಲಿತ್ತು. ಭಿನ್ನರಾಶಿಯೂ ಹಾಗೇ. ಅಂಶ, ಛೇದ ಗೊತ್ತಿರುವ ಮಗುವಿಗೆ ಬೇಕಾಗಿರುವುದು ಎರಡು ಹೊಸ ಹೆಸರು ಅಷ್ಟೇ. ಅದಕ್ಕೇ, ಮನೆಯಲ್ಲೂ ಇಂಗ್ಲಿಷ್‌ನಲ್ಲೇ ಮಾತಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಪೋಷಕರ ಸಭೆಯಲ್ಲಿ ಇಂಗ್ಲಿಷ್ ಕಷ್ಟ ಅನಿಸಿದರೆ ದುಭಾಷಿ ಬೇಕು ಅಂತ ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಮಗುವಿನ ಕೈಯಲ್ಲೇ ಅನುವಾದ ಮಾಡಿಸಬೇಡಿ, ಅದರ ಬಗ್ಗೆಯೇ ತಾನೇ ಮಾತು ನಡೆಯುವುದು?

ಒಂದೆರಡು ವರ್ಷದಲ್ಲಿ ಮಗು ಪಟಪಟ ಇಂಗ್ಲಿಷ್ ಮಾತಾಡುತ್ತದೆ. ಅಷ್ಟಕ್ಕೇ ಕಲಿತಾಯಿತು ಅಂದುಕೊಳ್ಳಬೇಡಿ. ಪಠ್ಯಪುಸ್ತಕದ ಇಂಗ್ಲಿಷ್ ಹಿಡಿತಕ್ಕೆ ಬರಲು ಸಾಮಾನ್ಯವಾಗಿ 5ರಿಂದ 7 ವರ್ಷ ಹಿಡಿಯುತ್ತದೆ. ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಹೆಸರು ತೆಗೆಯುವ ಮೊದಲು ನಿಮ್ಮ ಅಭಿಪ್ರಾಯವನ್ನೂ ಕೇಳಬೇಕು ಅಂತ ನಿಯಮವಿದೆ. ಆಗ ಸುಮ್ನೆ ಸಹಿ ಹಾಕಬೇಡಿ, ಮಗು ಸ್ವಂತವಾಗಿ ಬರೆದ ಒಂದು ಪುಟ ತೋರಿಸಿ ಅನ್ನಿ. ಹೆಸರು ತೆಗೆದ ಮೇಲೂ ಶಾಲೆ 4 ವರ್ಷ ಮಗುವಿನ ಮೇಲೆ ಕಣ್ಣಿಟ್ಟಿರಬೇಕು, ವರ್ಷಕ್ಕೊಮ್ಮೆ ಹೋಗಿ ಹೇಗಿದ್ದಾಳೆ ಅಂತ ವಿಚಾರಿಸಿ.