ಬಂಪರಿಗೆ ಕಟ್ಟಿದ ಕೂದಲ ಹಗ್ಗ: ಅರ್ಥವಾಗದ ಕಲೆಯನ್ನು ನೋಡೋದು ಹೇಗೆ

ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಲಾರಿಗಳ ಬಂಪರ್ ನೋಡಿ. ಕಪ್ಪು ಕೂದಲ ಹಗ್ಗ ಕಟ್ಟಿದ್ದು ಒಂದಾದರೂ ಸಿಗುತ್ತದೆ. ದೃಷ್ಟಿ ತಾಗದಿರಲಿ ಅಂತ ಕಟ್ಟೋದು, ನಮಗೆಲ್ಲ ಗೊತ್ತು, ಹಾಗಾಗಿ ಯಾರೂ ತಿರುಗಿ ನೋಡಲ್ಲ. ಅಂಥದ್ದೇ ಹಗ್ಗವನ್ನು ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಗಂಟು ಹಾಕಿ, ಅದರಲ್ಲಿ 20 ಸ್ಟೀಲ್ ಬಂಪರ್‌ಗಳನ್ನು ತೂಗುಹಾಕಿ, 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ತೋರಿಸಿದವರು ಕಲಾವಿದೆ ಶೀಲಾ ಗೌಡ. ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲೇ, 1957ರಲ್ಲಿ. ಆ ಕೃತಿಯ ಹೆಸರು 'ಬಿಹೋಲ್ಡ್', ಅಂದರೆ 'ನೋಡು'.

ಇಂಥದ್ದನ್ನು ನೋಡಿದ ಕೂಡಲೇ 'ಇದೂ ಒಂದು ಕಲೆನಾ?' ಅಂತ ಬಾಯಿಗೆ ಬರುತ್ತದೆ. ತಪ್ಪೇನಿಲ್ಲ, ನನಗೂ ಬಂದಿತ್ತು. ಆದರೆ ಆ ಪ್ರಶ್ನೆ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಇದನ್ನು ಕೇಳಿ: ಇದು ಯಾವ ಸಾಮಾನು, ಇಲ್ಲಿಗೆ ಬರೋ ಮೊದಲು ಎಲ್ಲಿತ್ತು? ಯಾರೋ ಹರಕೆ ಹೊತ್ತು ದೇವರಿಗೆ ಮುಡಿ ಕೊಟ್ಟರು. ಉದ್ದ ಕೂದಲು ವಿಗ್ ವ್ಯಾಪಾರಕ್ಕೆ ಹೋಯಿತು. ಉಳಿದ ಗಿಡ್ಡ ಕೂದಲು ಹಗ್ಗವಾಗಿ ವಾಹನಕ್ಕೆ ಬಂತು. ಭಕ್ತಿ, ದುಡ್ಡು, ಭಯ ಮೂರೂ ಒಂದೇ ಹಗ್ಗದಲ್ಲಿ ಹೆಣೆದುಕೊಂಡಿವೆ, ಮತ್ತೆ ಮೆತ್ತಗಿನ ಆ ಕೂದಲೇ ಭಾರದ ಸ್ಟೀಲನ್ನು ಎತ್ತಿ ಹಿಡಿದಿದೆ. ಇಷ್ಟು ಕಾಣೋಕೆ ಗ್ಯಾಲರಿ ಗೋಡೆ ಮೇಲಿನ ವಿವರಣೆ ಚೀಟಿ ಓದಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಆ ಚೀಟಿಗಳನ್ನು ಓದಿದರೆ ಇರೋ ಅರ್ಥವೂ ಹೋಗುತ್ತದೆ, ಅಷ್ಟು ಕಷ್ಟದ ಭಾಷೆ.

ಆಮೇಲೆ ಕೈಗೆಲಸ ಲೆಕ್ಕ ಹಾಕಿ. ಶೀಲಾ ಅವರದೇ ಇನ್ನೊಂದು ಕೆಲಸ 1998ರದ್ದು, 'ನನ್ನ ನೋವನ್ನು ಅವನಿಗೆ ಹೇಳು' ಅನ್ನೋ ಅರ್ಥದ ಹೆಸರು. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಎಲ್ಲ ಎಳೆಗಳನ್ನು ಕುಂಕುಮ ಮತ್ತು ಅಂಟಿನಲ್ಲಿ ಒಂದಾಗಿಸಿ ಮಾಡಿದ ಕೆಂಪು ಹಗ್ಗ, ತುದಿಯಲ್ಲಿ ಸೂಜಿಗಳ ಗೊಂಚಲು. ಫೋಟೊ ನೋಡಿ 'ಓಹೋ' ಅಂದರೆ ಸಾಲದು. ಸಂಜೆ ಕರೆಂಟ್ ಹೋದಾಗ ಹತ್ತು ಸೂಜಿಗೆ ದಾರ ಪೋಣಿಸಿ ನೋಡಿ. ಆರನೇ ಸೂಜಿಗೆ ಕುತ್ತಿಗೆ ಹಿಡಿದುಕೊಂಡಾಗ ಆ ಹೆಸರು ತಾನಾಗೇ ಅರ್ಥವಾಗುತ್ತದೆ.

ಮೂರನೆಯದು ಜಾಗ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ತಾವು ಮಾಡಿದ ಮೊಸಳೆ ಇಟ್ಟರಲ್ಲ, ಆ ಮೊಸಳೆಯನ್ನು ಗ್ಯಾಲರಿಗೆ ತಂದಿಟ್ಟರೆ ಅದು ಬರೀ ಬೊಂಬೆ. ಅಲ್ಲಿ ಗುಂಡಿಯೇ ಅರ್ಧ ಕೃತಿ. ಕಲಾವಿದೆ ಪುಷ್ಪಮಾಲಾ ಎನ್. ಅವರ ಫೋಟೊಗಳಿಗೆ ಬೇರೆ ಕೀಲಿ ಬೇಕು. ರವಿವರ್ಮನ ಲಕ್ಷ್ಮಿಯಿಂದ ಹಿಡಿದು ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳಿಯವರೆಗೆ ಎಲ್ಲ ವೇಷದಲ್ಲೂ ಅವರೇ. ಮೂಲ ಚಿತ್ರವನ್ನು ನೀವು ಎಲ್ಲಿ ನೋಡಿದ್ದಿರಿ, ಅಡುಗೆಮನೆ ಕ್ಯಾಲೆಂಡರಿನಲ್ಲೋ ಪೇಪರಿನಲ್ಲೋ, ಅದನ್ನು ನೆನಪಿಸಿಕೊಳ್ಳಿ. ಅಲ್ಲಿಂದ ದಾರಿ ಸಿಗುತ್ತದೆ.

ನೋಡಿದ್ದು ಸಾಕು, ಒಂದು ಮಾಡಿ ನೋಡೋಣ. ದಯವಿಟ್ಟು ಹಸೆ ಚಿತ್ತಾರವನ್ನು ಕಪ್ ಮೇಲೆ ಅಚ್ಚು ಹಾಕಿ 'ಹೊಸ ಕಲೆ' ಅನ್ನಬೇಡಿ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಗೆರೆ ಎಳೆಯೋದರ ಮುಂದೆ ಅದು ತೀರಾ ಪೇಲವ. ನಿಮ್ಮ ಮನೆಯಲ್ಲಿ ನಿಮ್ಮನ್ನು ಚುಚ್ಚುವ ಸಾಮಾನು ಯಾವುದು ಅಂತ ಹುಡುಕಿ. ಅಡಿಕೆ ತೋಟದವರಿಗೆ ಇದು ಸುಲಭ. ಕೊಳೆ ರೋಗ ಬಾರದಿರಲಿ ಅಂತ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರ ಅಂಗಿಯನ್ನೇ ನೋಡಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದು ಮರದ ತುದಿಯಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಹೆಗಲ ಮೇಲೆ ತಿಳಿನೀಲಿ ನಕ್ಷೆ ಬಿಡಿಸಿರುತ್ತದೆ. ಅಂಥ ಅಂಗಿಯನ್ನು ಸುಮ್ನೆ ಮೊಳೆಗೆ ನೇತುಹಾಕಿದರೂ ಸಾಕು. ಆದರೆ ಅಂಗಿಯವರನ್ನು ಕೇಳಿ, ಬದಲಿಗೆ ಹೊಸದೊಂದು ಕೊಟ್ಟು ತನ್ನಿ.

ನಾನು ಮಾಡಿದ್ದು ಬೇರೆ. ಒಂದು ಮಳೆಗಾಲ ಕೊಳೆ ರೋಗಕ್ಕೆ ಉದುರಿದ ಹಸಿ ಅಡಿಕೆಯನ್ನು ದಿನವೂ ಹೆಕ್ಕಿ ತಂದು ಪೋಣಿಸಿ, ಜಗಲಿಯ ತೊಲೆಗೆ ದಿನಕ್ಕೊಂದು ಸರ ಕಟ್ಟಿದೆ. ಮೊದಲು ಬಳಸಿದ್ದು ಹೂ ಕಟ್ಟುವ ದಾರ. ಮೂರನೇ ದಿನ ರಾತ್ರಿ ಎಲ್ಲ ಧೊಪ್ಪಂತ ಬಿತ್ತು. ನೀವು ನೈಲಾನ್ ದಾರ, ದಬ್ಬಳ ತೆಗೆದುಕೊಳ್ಳಿ. ಉದುರುವುದು ಕಡಿಮೆಯಾದ ದಿನ ಸರ ಗಿಡ್ಡವಾಗುತ್ತದೆ, ಅದನ್ನು ಉದ್ದ ಮಾಡೋಕೆ ಹೋಗಬೇಡಿ. ವಾರ ಕಳೆಯುವಷ್ಟರಲ್ಲಿ ಹಳೇ ಸರಗಳಿಗೆ ಬಿಳಿ ಬೂಸ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ವಾರ್ನಿಷ್ ಹಚ್ಚಬೇಡಿ, ಕೊಳೆಯಲಿ. ದಿನವೂ ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆದಿಡಿ.

ಅಮ್ಮ ಗೊಬ್ಬರದ ಗುಂಡಿ ತೋರಿಸಿ ಬೈದರು. ಪೇಟೆಯಿಂದ ಬಂದ ಗೆಳೆಯ 'ತೋರಣ ಚೆನ್ನಾಗಿದೆ' ಅಂದ. ಪಕ್ಕದ ತೋಟದವರು ಮಾತ್ರ ಕೊಡೆ ಮಡಚಿ ಗೋಡೆಗೆ ಒರಗಿಸಿ, ಮೊದಲ ಸರದಿಂದ ಕೊನೆಯವರೆಗೆ ಬೆರಳಲ್ಲಿ ಎಣಿಸುತ್ತಾ ಹೋದರು. ಒಂಬತ್ತನೇ ಸರದ ಹತ್ತಿರ ನಿಂತು, 'ಅವತ್ತು ನಮ್ಮಲ್ಲೂ ಇಷ್ಟೇ ಉದುರಿತ್ತು' ಅಂದರು.